ಸಿಪ್ಪೆ ಇರುವುದನ್ನು ಮಾತ್ರ ತಿನ್ನುತ್ತಿದ್ದ ಹುಡುಗ

ನನ್ನ ಮೊಮ್ಮಗ ಇವತ್ತು ಬೆಳಿಗ್ಗೆ ನಾನು ಬಡಿದ ರೊಟ್ಟಿ ತಿಂದ.

ಇಷ್ಟು ಹೇಳಿ ಸುಮ್ಮನಾಗಬಹುದಿತ್ತು, ಆದರೆ ಆಗುತ್ತಿಲ್ಲ. ಬೆಳಿಗ್ಗೆಯಿಂದ ಕೂತಲ್ಲಿ ಕೂರದೆ ಮನೆಯೆಲ್ಲ ಸುತ್ತಿದ್ದೇನೆ. ಕೆಳಗಿನ ಮನೆಯ ತೆಲುಗು ಹೆಂಗಸಿಗೆ ಹೇಳಿದೆ. ರೊಟ್ಟಿ ತಿಂದರೆ ಅದರಲ್ಲೇನು ಎನ್ನುವ ಹಾಗೆ ನೋಡಿದಳು, ಆಮೇಲೆ ನನ್ನ ಮುಖ ಕಂಡು ಒಳಗಿನಿಂದ ಸಕ್ಕರೆ ತಂದು ಬಾಯಿಗೆ ಹಾಕಿದಳು. ತರಕಾರಿ ಗಾಡಿಯವನಿಗೂ ಹೇಳಿದೆ. ಅವನು ಏನು ತಿಳಿದುಕೊಂಡನೋ, ಕೊತ್ತಂಬರಿ ಪುಕ್ಕಟೆ ಕೊಟ್ಟ. ಮಡಚಿದ ಬಟ್ಟೆಯನ್ನೇ ಬಿಚ್ಚಿ ಮತ್ತೆ ಮಡಚಿದೆ. ಕೊನೆಗೆ ಮೊಮ್ಮಗಳು, "ಆಯಿ, ಒಂದ್ ಕಡಿ ಕೂಡು. ಇಲ್ಲಾಂದ್ರ ನಿನಗೂ ಗುಳಿಗಿ ಸುರು ಮಾಡ್ಬೇಕಾಗತೈತಿ" ಎಂದು ಹಾಳೆ ಮತ್ತು ಪೆನ್ನು ಕೈಗೆ ಕೊಟ್ಟಳು. ನಾನು ಕಲಿತದ್ದು ಭೀಮಾ ದಂಡೆಯ ಊರಿನಲ್ಲಿ ನಾಲ್ಕನೆಯ ಇಯತ್ತೆ. ಮದುವೆಯಾಗಿ ಹೈದರಾಬಾದಿಗೆ ಬಂದ ಮೇಲೆ ಕಿರಾಣಿ ಚೀಟಿ ಬಿಟ್ಟರೆ ಬರೆದದ್ದಿಲ್ಲ. ತಪ್ಪಿದ್ದಲ್ಲಿ ಮೊಮ್ಮಗಳು ತಿದ್ದುತ್ತಾಳೆ.

ಒಂದು ರೊಟ್ಟಿಗೆ ಇಷ್ಟು ಹಿಗ್ಗು ಏಕೆಂದರೆ, ಹೋದ ಮಳೆಗಾಲದಿಂದ ಈ ಹುಡುಗ ಮನೆಯ ಅಡಿಗೆಯ ಒಂದು ತುತ್ತನ್ನೂ ಮುಟ್ಟಿರಲಿಲ್ಲ. ಬಾಳೆಹಣ್ಣು, ಮೋಸಂಬಿ, ಸೀತಾಫಲ, ಸುಲಿಯದ ಶೇಂಗಾ, ಸಿಪ್ಪೆಯೊಂದಿಗೇ ಕುದಿಸಿದ ಗೆಣಸು. ಸಿಪ್ಪೆ ಇರುವುದನ್ನು ಮಾತ್ರ ತಾನೇ ಸುಲಿದು ತಿನ್ನುವನು. ಬಿಸ್ಕೀಟು ಪೊಟ್ಟಣವನ್ನು ಬೆಳಕಿಗೆ ಹಿಡಿದು, ಎಲ್ಲಾದರೂ ತೂತಿದೆಯೇ ಎಂದು ನೋಡಿ, ಆಮೇಲೆ ಒಡೆಯುವನು. ಸಿಪ್ಪೆ ಇಲ್ಲದ್ದರಲ್ಲಿ ನಾವು ಏನೋ ಬೆರೆಸುತ್ತೇವೆ ಎಂದು ಅವನ ಗುಮಾನಿ. ನಾವು ಎಂದರೆ ಅವನ ತಂದೆ, ತಾಯಿ, ಮುತ್ಯಾ ಅಂದರೆ ನಮ್ಮ ಮನೆಯವರು, ಮತ್ತೆ ನಾನು.

ಅದಕ್ಕೂ ಮೊದಲು ಅವನು ಶಂಶಾಬಾದಿನಲ್ಲಿ, ವಿಮಾನಕ್ಕೆ ಹೇರುವ ಸರಕಿನ ಗೋದಾಮಿನಲ್ಲಿ ಕೆಲಸಕ್ಕಿದ್ದ. ಪೆಟ್ಟಿಗೆಯ ಮೇಲಿನ ನಂಬರು ಓದಿ ಯಾವುದು ಯಾವ ಕಡೆಗೆ ಎಂದು ಬೇರೆ ಮಾಡುವುದು ಅವನ ಕೆಲಸ. ಅದಕ್ಕೆ ಇವನಿಗಿಂತ ಸರಿಯಾದವನು ಸಿಗಲಿಕ್ಕಿಲ್ಲ ಎಂದು ನಾವೆಲ್ಲ ಬೀಗಿದ್ದೆವು. ಚಿಕ್ಕವನಿದ್ದಾಗ ತಾರ್ನಾಕದ ನಮ್ಮ ಗಲ್ಲಿಯ ಅಷ್ಟೂ ಸ್ಕೂಟರುಗಳ ನಂಬರು ಅವನ ಬಾಯಲ್ಲಿದ್ದವು. ಯಾರ ಮನೆಗೆ ನೆಂಟರು ಬಂದಿದ್ದಾರೆ ಎಂದು ಗಾಡಿ ನೋಡಿಯೇ ಹೇಳುವನು.

ಆ ಕೆಲಸದಲ್ಲಿ ಪಾಳಿ ಬದಲಾಗುತ್ತಿತ್ತು, ಒಮ್ಮೆ ಹಗಲು, ಒಮ್ಮೆ ರಾತ್ರಿ. ಅಲ್ಲೇ ಜೊತೆಯವರೊಂದಿಗೆ ಕೋಣೆ ಹಿಡಿದಿದ್ದ. ನಿದ್ದೆ ಬರುವುದಿಲ್ಲ ಎಂದು ಫೋನಿನಲ್ಲಿ ಹೇಳುತ್ತಿದ್ದ. ನಾನು ಅಂಗಾಲಿಗೆ ಎಣ್ಣೆ ಹಚ್ಚಿಕೋ ಎನ್ನುತ್ತಿದ್ದೆ. ಜೊತೆಯವನೊಬ್ಬ ಗಾಂಜಾ ಸುತ್ತಿ ಕೊಟ್ಟನಂತೆ. ಮೊದಮೊದಲು ಸೊಗಸಾದ ನಿದ್ದೆ ಬಂತಂತೆ. ಆಮೇಲೆ ಅದಿಲ್ಲದೆ ನಿದ್ದೆ ಬರಲಿಲ್ಲ. ಆಮೇಲೆ ಅದಿದ್ದರೂ ಬರಲಿಲ್ಲ. ಇದನ್ನೆಲ್ಲ ಅವನು ಬಾಯಿ ಬಿಟ್ಟು ಹೇಳಿದ್ದು ಬಹಳ ತಡವಾಗಿ.

ಆಗ ನಮಗೆ ಕಂಡದ್ದು ಮರೆವು. ರಜೆಗೆ ಬಂದವನು ಹಾಲು ತರಲು ಹೋಗಿ ಹುಣಸೆಹಣ್ಣು ತಂದ. ಪೆಟ್ರೋಲ್ ಬಂಕಿನಲ್ಲಿ ಗಾಡಿ ಬಿಟ್ಟು ನಡೆದುಕೊಂಡು ಬಂದ. ಮಾತು ಅರ್ಧಕ್ಕೆ ನಿಲ್ಲುತ್ತಿತ್ತು. ನಾನು ಏನು ಹೇಳಾಕತ್ತಿದ್ದೆ ಎಂದು ನಮ್ಮನ್ನೇ ಕೇಳಿ ನಗುವನು, ನಾವೂ ನಗುವೆವು. ಒಂದು ದಿನ ಗೋದಾಮಿನಲ್ಲಿ ಪೆಟ್ಟಿಗೆಗಳನ್ನೆಲ್ಲ ಅದಲುಬದಲು ಮಾಡಿಬಿಟ್ಟ. ಅಲ್ಲಿಯವರು ಒಳ್ಳೆಯವರು, ಕೂಗಾಡಲಿಲ್ಲ, ಮನೆಗೆ ಹೋಗಿ ಸುಧಾರಿಸಿಕೊಂಡು ಬಾ ಎಂದು ಕಳಿಸಿದರು. ಬ್ಯಾಗು ಹಿಡಿದು ಬಾಗಿಲಲ್ಲಿ ನಿಂತವನ ಕಣ್ಣು ಎಲ್ಲಿಯೂ ನಿಲ್ಲುತ್ತಿರಲಿಲ್ಲ.

ಬಟ್ಟೆ ನೆನೆಹಾಕುವಾಗ ಸೊಸೆಗೆ ಅವನ ಪ್ಯಾಂಟಿನ ಕಿಸೆಯಲ್ಲಿ ಒಂದು ಪುಡಿಕೆ ಸಿಕ್ಕಿತು. ಒಣಗಿದ ಸೊಪ್ಪು. ಅವಳಿಗೂ ತಿಳಿಯಲಿಲ್ಲ, ನನಗೂ ತಿಳಿಯಲಿಲ್ಲ. ನಮ್ಮ ಮನೆಯವರಿಗೆ ಮೂಸಿ ನೋಡಿದ ಕೂಡಲೇ ತಿಳಿಯಿತು.

"ಏ, ಇದು ಭಂಗಿ. ಶಿವನ ಪತ್ರಿ. ಹುಡುಗ ದಾರೀಗೆ ಬಂದಾನ."

ಹೀಗೆಂದು ಕಣ್ಣಿಗೊತ್ತಿಕೊಂಡು ಅದನ್ನು ದೇವರ ಜಗಲಿಯ ಮೇಲೆ ವಿಭೂತಿಯ ಪಕ್ಕದಲ್ಲಿಟ್ಟರು. ನಗಬೇಡಿ. ಅವರ ಊರಿನಲ್ಲಿ ಒಬ್ಬ ಸಾಧುಗಳ ಗದ್ದುಗೆ ಇದೆ. ಅಲ್ಲಿ ಈ ಸೊಪ್ಪನ್ನು ಗದ್ದುಗೆಗೆ ಏರಿಸಿ, ಪ್ರಸಾದವೆಂದು ಕೊಡುವುದು ಹಿಂದಿನಿಂದ ನಡೆದುಬಂದದ್ದು. ಇವರ ತಮ್ಮ ಹರೆಯದಲ್ಲೇ ಮನೆ ಬಿಟ್ಟು ಆ ಗದ್ದುಗೆಯ ಕಟ್ಟೆಯ ಮೇಲೆ ಕೂತವರು, ಸಾಯುವ ತನಕ ಅಲ್ಲಿಯೇ ಇದ್ದರು. ಮನೆಯ ಅನ್ನ ಮುಟ್ಟುತ್ತಿರಲಿಲ್ಲ. ಗಿಡದಿಂದ ಬಿದ್ದ ಹಣ್ಣು, ಒಡೆಯದ ತೆಂಗಿನಕಾಯಿ, ಚಿಲುಮೆ, ಅಷ್ಟೇ. ಗಾಳಿಯ ಜೊತೆ ಮಾತಾಡುತ್ತಿದ್ದರು. ಜನ ಅವಧೂತರೆಂದು ಕಾಲಿಗೆ ಬೀಳುತ್ತಿದ್ದರು. ಅವರ ಫೋಟೋ ನಮ್ಮ ಪಡಸಾಲೆಯಲ್ಲಿದೆ. ಬಂದವರಿಗೆಲ್ಲ ಅದನ್ನು ತೋರಿಸದೆ ಇವರು ಚಹಾ ಕೊಡಿಸುವುದಿಲ್ಲ. ಸರಕಾರಿ ಆಫೀಸಿನಲ್ಲಿ ಜವಾನರಾಗಿ ಜೀವ ಸವೆಸಿದವರಿಗೆ ಅದೊಂದೇ ದೊಡ್ಡಸ್ತಿಕೆ.

ಹಾಗಾಗಿ ಹುಡುಗ ಬಿಗಡಾಯಿಸುತ್ತ ಹೋದದ್ದು ಇವರಿಗೆ ವೈರಾಗ್ಯವಾಗಿ ಕಂಡಿತು. ಅವನು ಮೊಬೈಲಿನ ಕಣ್ಣಿಗೆ ಪ್ಲಾಸ್ಟರ್ ಅಂಟಿಸಿದ. ಕಿಟಕಿಗೆ ಹಳೆಯ ಸೀರೆ ಕಟ್ಟಿದ. ಫ್ಯಾನು ತಿರುಗುವ ಸದ್ದಿನಲ್ಲಿ ಯಾರೋ ತನ್ನ ಬಗ್ಗೆ ಆಡಿಕೊಳ್ಳುತ್ತಾರೆ ಎಂದು, ಸೆಖೆಯಲ್ಲಿಯೂ ಫ್ಯಾನು ಹಾಕಗೊಡಲಿಲ್ಲ. ತಾಟನ್ನು ತಾನೇ ತೊಳೆದು, ಮೂಸಿ, ಒಂಟಿಯಾಗಿ ಕೂತು ತಿನ್ನುವನು. ನಡುವೆ ಎದ್ದು ಹತ್ತಿರದ ಯೂನಿವರ್ಸಿಟಿ ಕ್ಯಾಂಪಸ್ಸಿನ ಗೋಡೆಯ ಕಡೆಗೆ ಹೋಗಿ ಸೇದಿ ಬರುವನು. ಸೇದಿ ಬಂದ ದಿನ ಅಂಜಿಕೆ ಇನ್ನಷ್ಟು. ನಾನು ಅಡಿಗೆಮನೆಯಿಂದ ಅವನ ಕೋಣೆಗೆ, ಕೋಣೆಯಿಂದ ಬಾಗಿಲಿಗೆ ಓಡಾಡುತ್ತಿದ್ದೆ. ಒಲೆಯ ಮೇಲೆ ಎಷ್ಟು ಸಾರಿ ಹಾಲು ಉಕ್ಕಿತೋ.

ಒಂದು ಮಧ್ಯಾಹ್ನ ನನ್ನ ಸೆರಗು ಹಿಡಿದು ಮೆಲ್ಲಗೆ ಕೇಳಿದ. "ಆಯಿ, ಖರೇ ಹೇಳು. ನೀ ಅವರ ಕಡಿನೋ, ನನ್ನ ಕಡಿನೋ?"

ಅವರು ಯಾರೆಂದು ನನಗೇನು ಗೊತ್ತು. "ನಾ ಅಡಗಿಮನಿ ಕಡಿ, ತಮ್ಮಾ. ಹಸಿವಾದಾವ್ರ ಕಡಿ" ಎಂದೆ. ಸ್ವಲ್ಪ ಯೋಚಿಸಿ ಸೆರಗು ಬಿಟ್ಟ.

ನನ್ನ ಮಗ, ಅವನ ತಂದೆ, ನಿದ್ದೆಯ ನೆಪ ಹೇಳಿ ಅವನನ್ನು ಮನಸ್ಸಿನ ಕಾಯಿಲೆಯ ಡಾಕ್ಟರಮ್ಮನ ಹತ್ತಿರ ಕರೆದೊಯ್ದ. ಆಕೆ ಗುಳಿಗೆ ಕೊಟ್ಟರು. ಮನೆಗೆ ಬಂದು ಹುಡುಗ ಗುಳಿಗೆಯನ್ನು ಮೋರಿಗೆ ಹಾಕಿದ. ಇಲ್ಲಿಂದ ಮುಂದಿನದು ನನ್ನ ಮಗನ ಬುದ್ಧಿ. ಹುಡುಗನ ಹೊಟ್ಟೆಗೆ ಗುಳಿಗೆ ಹೇಗೆ ಹೋಗಬೇಕು ಎಂದು ತಲೆ ಕೆಡಿಸಿಕೊಂಡವನಿಗೆ ಶೇಂಗಾ ಹಿಂಡಿ ಕಣ್ಣಿಗೆ ಬಿತ್ತು. ರೊಟ್ಟಿಯಲ್ಲಿ ಏನೂ ಅಡಗಿಸಲಾಗದು, ಪಲ್ಯದಲ್ಲಿ ಬಣ್ಣ ಕಾಣುತ್ತದೆ. ಶೇಂಗಾ, ಬೆಳ್ಳುಳ್ಳಿ, ಖಾರ ಹಾಕಿ ಕುಟ್ಟಿದ ಹಿಂಡಿಯಲ್ಲಿ ಏನು ಬೆರೆಸಿದರೂ ತಿಳಿಯುವುದಿಲ್ಲ ಎಂದುಕೊಂಡ. ಹುಡುಗನಿಗೆ ಚಿಕ್ಕಂದಿನಿಂದ ಹಿಂಡಿ ಎಂದರೆ ಪ್ರಾಣ. ಯಾರಿಗೂ ಹೇಳದೆ ಗುಳಿಗೆ ಪುಡಿ ಮಾಡಿ ಅವನ ಪಾಲಿನ ಹಿಂಡಿಗೆ ಬೆರೆಸಿದ. ಕೆಲವು ದಿನ ನಡೆಯಿತು, ಹುಡುಗ ಸ್ವಲ್ಪ ಶಾಂತನಾದ ಹಾಗೆಯೂ ಕಂಡ. ಒಂದು ದಿನ ಕಹಿ ಹತ್ತಿತು. ಹಿಂಡಿಯನ್ನು ತಾಟಿನ ಮೇಲೆ ಹರವಿ, ಬೆರಳ ತುದಿಯಿಂದ ಬಿಳಿಯ ಚೂರೊಂದನ್ನು ಎತ್ತಿ ತಂದೆಯ ಮುಂದೆ ಹಿಡಿದ.

"ಹಾಕೀಯೇನು?"

ನನ್ನ ಮಗನಿಗೆ ಸುಳ್ಳು ಹೇಳಲು ಬರುವುದಿಲ್ಲ. ತಲೆ ತಗ್ಗಿಸಿ, "ಹಾಕೀನಿ, ನಿನ್ನ ಒಳ್ಳೇದಕ್ಕ" ಎಂದ.

"ನಾ ಮೊದ್ಲಿಂದ ಇದನ್ನ ಹೇಳಾಕತ್ತಿದ್ದೆ" ಎಂದ ಹುಡುಗ. ಸಿಟ್ಟು ಮಾಡಲಿಲ್ಲ, ತಾಟು ಒಗೆಯಲಿಲ್ಲ. ತನ್ನ ಮಾತು ಖರೆಯಾಯಿತೆಂದು ಸಮಾಧಾನವಾದವನ ಹಾಗಿದ್ದ. ಗುಮಾನಿಯೇ ಅವನ ರೋಗ ಎಂದು ನಾವು ಹೇಳುತ್ತಿದ್ದೆವು, ಅವತ್ತು ಆ ಗುಮಾನಿ ನಿಜವಾಗಿ ತಾಟಿನಲ್ಲಿ ಬಿದ್ದಿತ್ತು. ಅಂದಿನಿಂದ ಸಿಪ್ಪೆಯ ಊಟ ಸುರುವಾಯಿತು.

ನಮ್ಮ ಮನೆಯವರಿಗೆ ಹಿಗ್ಗೋ ಹಿಗ್ಗು. ತಮ್ಮನ ಕಳೆಯೇ ಇವನಿಗೆ ಬಂದಿದೆ, ಊರಿಗೆ ಒಯ್ದು ಗದ್ದುಗೆಯ ಮುಂದೆ ಕೂರಿಸೋಣ ಎಂದು ಬಸ್ಸಿನ ವೇಳೆ ವಿಚಾರಿಸಿದರು. ಸೊಸೆ ಬಚ್ಚಲಿನಲ್ಲಿ ನಲ್ಲಿ ಬಿಟ್ಟು ಅಳುತ್ತಿದ್ದಳು. ನನಗೆ ಸಾಧುವೂ ತಿಳಿಯದು, ರೋಗವೂ ತಿಳಿಯದು. ಅಂಗಿಯ ತೋಳು ಸಡಿಲಾಗುವುದು ತಿಳಿಯುತ್ತಿತ್ತು. ಗದ್ದುಗೆಗೆ ಹೋದರೆ ಅಲ್ಲಿ ಮತ್ತೆ ಅದೇ ಸೊಪ್ಪು ಕೈಗೆ ಬರುತ್ತದೆ, ಅವನು ಅಲ್ಲಿಯೇ ಕೂತರೆ ಜನ ಕಾಲಿಗೆ ಬೀಳುತ್ತಾರೆ, ಆಮೇಲೆ ಯಾರೂ ಎಬ್ಬಿಸುವುದಿಲ್ಲ. ಇದು ನನಗೆ ಎಷ್ಟು ಸ್ಪಷ್ಟವಾಗಿ ಕಂಡಿತೆಂದರೆ, ಇವರ ಧೋತರವನ್ನು ಬ್ಯಾಗಿನಿಂದ ತೆಗೆದು ಬಕೀಟಿನ ನೀರಿಗೆ ಅದ್ದಿದೆ. ಒದ್ದೆ ಧೋತರ ಉಟ್ಟು ಯಾರು ಬಸ್ಸು ಹತ್ತುತ್ತಾರೆ? ಅಷ್ಟರಲ್ಲಿ ಮಗ ಡಾಕ್ಟರಮ್ಮನಿಗೆ ಫೋನು ಮಾಡಿದ್ದ. ಮನೆಮಂದಿಯೆಲ್ಲ ಬನ್ನಿ ಎಂದಿದ್ದರು. ಹುಡುಗ ಬರುವುದಿಲ್ಲವೆಂದುಕೊಂಡಿದ್ದೆವು. ಅಪ್ಪ ಮಾಡಿದ್ದನ್ನು ಅಪ್ಪನ ಮುಂದೆಯೇ ಡಾಕ್ಟರಿಗೆ ಹೇಳಬೇಕು ಎಂದು ಅವನೇ ಮೊದಲು ಚಪ್ಪಲಿ ಮೆಟ್ಟಿದ.

ಡಾಕ್ಟರಮ್ಮ ಚಿಕ್ಕ ವಯಸ್ಸಿನವರು, ತೆಲುಗಿನಲ್ಲಿ ನಿಧಾನವಾಗಿ ಮಾತಾಡುವವರು. ಹುಡುಗನ ಮಾತನ್ನು ಪೂರ್ತಿ ಕೇಳಿ, ನಿನ್ನನ್ನು ಕೇಳದೆ ಔಷಧ ಬೆರೆಸಿದ್ದು ತಪ್ಪು ಎಂದು ನನ್ನ ಮಗನ ಎದುರಿಗೇ ಹೇಳಿದರು. ಹುಡುಗ ಅವರ ಮುಖವನ್ನು ನೆಟ್ಟಗೆ ನೋಡಿದ್ದು ಆಗಲೇ. ಆಮೇಲೆ ನಮ್ಮ ಕಡೆ ತಿರುಗಿ, ಮನೆತನದಲ್ಲಿ ಯಾರಿಗಾದರೂ ಹೀಗೆ ಆಗಿತ್ತೇ ಎಂದು ಕೇಳಿದರು. ನಮ್ಮ ಮನೆಯವರು ಇಲ್ಲವೇ ಇಲ್ಲ ಎಂದರು. ನಮ್ಮದು ಅಂಥ ಮನೆತನವಲ್ಲ, ನಮ್ಮಲ್ಲಿ ಅವಧೂತರು ಆಗಿಹೋಗಿದ್ದಾರೆ ಎಂದು ತಮ್ಮನ ಕಥೆ ಹೇಳಿದರು.

ಡಾಕ್ಟರಮ್ಮ ನಗಲಿಲ್ಲ. ಅವರು ಮನೆ ಬಿಟ್ಟಾಗ ಎಷ್ಟು ವಯಸ್ಸು ಎಂದು ಕೇಳಿದರು. ಇವನಷ್ಟೇ ಎಂದರು ಇವರು. ಅದಕ್ಕೂ ಮುಂಚೆ ಚಿಲುಮೆ ಸೇದುತ್ತಿದ್ದರೇ? ಹೌದು. ನಿದ್ದೆ ಮಾಡುತ್ತಿದ್ದರೇ? ಇಲ್ಲ, ಊರೆಲ್ಲ ತಿರುಗುತ್ತಿದ್ದ. ಮನೆಯ ಊಟ ಏಕೆ ಬಿಟ್ಟರು? ನಮ್ಮವ್ವ ಅನ್ನದಲ್ಲಿ ಏನೋ ಹಾಕುತ್ತಾಳೆ ಎನ್ನುತ್ತಿದ್ದ. ಒಂದೊಂದು ಉತ್ತರಕ್ಕೂ ಇವರ ದನಿ ಇಳಿಯುತ್ತ ಬಂತು. ಕೊನೆಯದನ್ನು ಹೇಳಿದ ಮೇಲೆ ತಮ್ಮ ಮಾತನ್ನು ತಾವೇ ಕೇಳಿಸಿಕೊಂಡವರ ಹಾಗೆ ಹೆಗಲ ಮೇಲಿನ ಟವೆಲು ತೆಗೆದು ಮಡಚತೊಡಗಿದರು. ಹುಡುಗ ಮುತ್ಯಾನನ್ನೇ ನೋಡುತ್ತಿದ್ದ.

ಅವರನ್ನು ನಾನು ನೋಡಿಲ್ಲ, ಅವರು ಏನಾಗಿದ್ದರೆಂದು ಹೇಳಲಾರೆ, ಆದರೆ ಈ ಹುಡುಗನನ್ನು ನೋಡಿದ್ದೇನೆ ಎಂದರು ಡಾಕ್ಟರಮ್ಮ. ಸೊಪ್ಪಿನ ವಿಷಯವನ್ನೂ ನನಗೆ ತಿಳಿಯುವ ಹಾಗೆ ಹೇಳಿದರು. ಅದನ್ನು ಸೇದಿದವರೆಲ್ಲರಿಗೂ ಹೀಗಾಗುವುದಿಲ್ಲ. ಆದರೆ ಎಳೆಯ ವಯಸ್ಸಿನಲ್ಲಿ ದಿನಾ ಸೇದಿದರೆ, ಅದರಲ್ಲಿಯೂ ಮನೆತನದಲ್ಲಿ ಇಂಥದ್ದು ಇದ್ದರೆ, ಅಂಜಿಕೆ, ಗುಮಾನಿ, ಇಲ್ಲದ ದನಿ ಕೇಳುವುದು ಬೇಗ ಮೈಗೂಡುತ್ತದೆ, ನೆನಪು ಮತ್ತು ಗಮನವೂ ಮಂಕಾಗುತ್ತವೆ. ಇವನಿಗೆ ಸೊಪ್ಪಿನಿಂದ ಎಷ್ಟು, ನಿದ್ದೆಗೇಡಿನಿಂದ ಎಷ್ಟು, ಹುಟ್ಟಿನಿಂದ ಬಂದದ್ದೆಷ್ಟು ಎಂದು ತೂಗಿ ಹೇಳಲು ಬರುವುದಿಲ್ಲ. ಬಿಟ್ಟರೆ ಸುಧಾರಿಸುವ ದಾರಿ ಇದೆ, ಮತ್ತೆ ಮುಟ್ಟಿದರೆ ಉರಿಯುವ ಬೆಂಕಿಗೆ ತುಪ್ಪ. ಹುಡುಗ ಒಂದು ಕರಾರು ಹಾಕಿದ, ಗುಳಿಗೆಯ ಪಟ್ಟಿ ತನ್ನ ಹತ್ತಿರವೇ ಇರಬೇಕು, ತಾನೇ ಒಡೆದು ತಿನ್ನಬೇಕು. ಎಲ್ಲರೂ ಒಪ್ಪಿದೆವು. ಗುಳಿಗೆಗೂ ಒಂದು ಸಿಪ್ಪೆ ಇರುತ್ತದಲ್ಲ ಎಂದು ನನಗೆ ಆಗ ಹೊಳೆಯಿತು.

ಮನೆಗೆ ಬಂದು ನಮ್ಮ ಮನೆಯವರು ಜಗಲಿಯ ಮೇಲಿನ ಪುಡಿಕೆಯನ್ನು ಮೋರಿಗೆ ಸುರಿದು ನೀರು ಬಿಟ್ಟರು. ತಮ್ಮನ ಫೋಟೋದ ಮುಂದೆ ಬಂದು ನಿಂತರು. ಅದನ್ನು ತೆಗೆಯಲಿಲ್ಲ, ತೆಗೆಯಿರಿ ಎಂದು ನಾನೂ ಅನ್ನಲಿಲ್ಲ.

"ಎಲ್ಲಾರೂ ಕಾಲಿಗೆ ಬಿದ್ರು" ಎಂದರು. "ನಿದ್ದಿ ಬರ್ತೈತೇನು ಅಂತ ಅವನ್ನ ಒಬ್ಬರೂ ಕೇಳ್ಲಿಲ್ಲ."

ಆಮೇಲೆ ಎಲ್ಲ ಸಲೀಸಾಯಿತು ಎಂದುಕೊಳ್ಳಬೇಡಿ. ಗುಳಿಗೆಗೆ ಬಾಯಿ ಒಣಗುತ್ತಿತ್ತು, ಹಗಲೆಲ್ಲ ತೂಕಡಿಸುವನು. ನಡುವೆ ಒಮ್ಮೆ ಮತ್ತೆ ಸೇದಿ ಬಂದ. ಅಂಗಿಯಲ್ಲಿ ವಾಸನೆ ಹಿಡಿದದ್ದು ಈ ಸಾರಿ ನಾನೇ. ಮತ್ತೆ ಕಿಟಕಿಗೆ ಸೀರೆ ಬಂತು, ಮತ್ತೆ ದವಾಖಾನೆಗೆ ಓಡಿದೆವು. ನಾನು ಬೈಯಲಿಲ್ಲ. ಬೈಯಬೇಡಿ, ಬಿಟ್ಟೂ ಬಿಡಬೇಡಿ ಎಂದಿದ್ದರು ಡಾಕ್ಟರಮ್ಮ. ಅದೆಷ್ಟು ಕಷ್ಟದ ಕೆಲಸ ಎಂದು ಅವರು ಹೇಳಿರಲಿಲ್ಲ.

ನನಗೆ ತಿಳಿದದ್ದು ರೊಟ್ಟಿ. ನಮ್ಮ ಮನೆಯಲ್ಲಿ ದೇವರಿಗೆ ಎಡೆ ಹಿಡಿಯದೆ ಯಾರೂ ಬಾಯಿಗೆ ಏನೂ ಹಾಕುವುದಿಲ್ಲ, ಮಾಡಿದವಳಂತೂ ಎಲ್ಲರಿಗಿಂತ ಕೊನೆಗೆ. ನಾನು ಅದನ್ನು ಮುರಿದೆ. ಅವನ ಕಣ್ಣಿಗೆ ಬೀಳುವ ಹಾಗೆ ಅಡಿಗೆಮನೆಯ ಬಾಗಿಲಿಗೆ ಎದುರಾಗಿ ಕೂತು ಹಿಟ್ಟು ನಾದುವುದು, ಬಡಿಯುವುದು, ಹಂಚಿನಿಂದ ಇಳಿದ ಮೊದಲ ರೊಟ್ಟಿಯನ್ನು ಅಲ್ಲೇ ಮುರಿದು ನಾನೇ ತಿನ್ನುವುದು. ಅವನ ಕಡೆ ನೋಡುತ್ತಿರಲಿಲ್ಲ, ತಿನ್ನು ಎನ್ನುತ್ತಿರಲಿಲ್ಲ. ನಮ್ಮ ಮನೆಯವರು, ದೇವರ ಎಡೆ ಎಂಜಲಾಯಿತಲ್ಲ ಎಂದು ಗೊಣಗಿದರು.

"ದೇವ್ರಿಗೇನು ಗುಮಾನಿ ಇಲ್ರಿ. ಹುಡುಗಗ ಐತಿ" ಎಂದೆ.

ಹೀಗೆ ಚಳಿಗಾಲ ಹೋಯಿತು, ಬೇಸಿಗೆ ಹೋಯಿತು. ಫ್ಯಾನು ತಿರುಗಲು ಬಿಟ್ಟ. ಕಿಟಕಿಯ ಸೀರೆ ತಾನೇ ಬಿಚ್ಚಿ ಮಡಚಿ ಕೊಟ್ಟ. ಅವನ ತಂಗಿ, ಈ ಹಾಳೆ ಕೊಟ್ಟವಳು, ಗ್ಯಾಲರಿಯಲ್ಲಿ ನಿಂತು ಗಲ್ಲಿಯ ಗಾಡಿಗಳನ್ನು ತೋರಿಸಿ ಇದು ಯಾರದು, ಅದು ಯಾರದು ಎಂದು ಕೇಳುತ್ತಾಳೆ. ಕೆಲವನ್ನು ಹೇಳುತ್ತಾನೆ, ಕೆಲವು ಬರುವುದಿಲ್ಲ. ಮೊದಲಿನ ಹಾಗೆ ಆಗುವುದೋ ಇಲ್ಲವೋ.

ಇವತ್ತು ಬೆಳಿಗ್ಗೆ ಬಡಿಯುತ್ತಿದ್ದೆ. ಬಂದು ಹೊಸ್ತಿಲ ಮೇಲೆ ಕೂತ. ಬುಟ್ಟಿಯಲ್ಲಿದ್ದ ರೊಟ್ಟಿಗಳನ್ನು ಎತ್ತಿ ಎತ್ತಿ ನಡುವಿನದೊಂದನ್ನು ಎಳೆದುಕೊಂಡ, ಕೊಟ್ಟದ್ದಲ್ಲ, ಆರಿಸಿದ್ದು. ಮೂಸಿದ. ಕೆಳಗಿಟ್ಟ. ಮತ್ತೆ ಎತ್ತಿಕೊಂಡ. ಹಂಚಿನ ಮೇಲಿನ ರೊಟ್ಟಿ ಹೊತ್ತುತ್ತಿತ್ತು, ತಿರುವಿ ಹಾಕಲು ನನ್ನ ಕೈ ಏಳಲಿಲ್ಲ. ಆಗ ಒಣರೊಟ್ಟಿ ಮುರಿಯುವ ಸದ್ದು ಕೇಳಿಸಿತು, ಅಗಿಯುವ ಸದ್ದು ಕೇಳಿಸಿತು.

"ಅಂಚು ದಪ್ಪ ಆಗ್ಯಾವ, ಆಯಿ. ವಯಸ್ಸಾತು ನಿನಗ."

"ತಿನ್ನಾವ್ರು ಇರಲಿಲ್ಲಪ್ಪಾ. ಕೈ ಮರತೈತಿ" ಎಂದೆ. ಕಣ್ಣಿಗೆ ಹಂಚಿನ ಹೊಗೆ ಬಂದಿತ್ತು, ಹೊಗೆಯೇ ಇರಬೇಕು.

ಇಷ್ಟು ಬರೆದು ಎದ್ದಿದ್ದೆ, ಸಂಜೆಯ ಅಡಿಗೆಗೆ. ಈಗ ಊಟ ಮುಗಿದ ಮೇಲೆ ಉಳಿದದ್ದನ್ನು ಬರೆಯುತ್ತಿದ್ದೇನೆ. ಬೆಳಿಗ್ಗೆ ತಿಂದವನು ಸಂಜೆಯೂ ತಿನ್ನುತ್ತಾನೆ ಎಂದು ಬರೆದುಕೊಟ್ಟವರು ಯಾರು? ಬದನೆಕಾಯಿ ಎಣ್ಣೆಗಾಯಿ ಮಾಡುವಾಗ ಉಪ್ಪು ಹಾಕಿದೆನೋ ಇಲ್ಲವೋ ಎಂದು ಸೊಸೆಯನ್ನು ಕೇಳಿ ಕೇಳಿ, ಅವಳೇ ಸೌಟು ಕಸಿದುಕೊಂಡಳು. ಮಗ ಆಫೀಸಿನಿಂದ ಜಲ್ದಿ ಬಂದ, ರೂಢಿಯ ಮೇಲೆ ಒಂದು ಚೀಲ ಮೋಸಂಬಿ ಹಿಡಿದು. ನಮ್ಮ ಮನೆಯವರು ಹೊತ್ತಿಗೆ ಮೊದಲೇ ತಾಟು ಹಾಕಿಕೊಂಡು ಕೂತು, ಯಾರೂ ಅವನ ಕಡೆ ನೋಡಬೇಡಿ ಎಂದು ಎಲ್ಲರಿಗೂ ಹೇಳಿ, ತಾವೇ ಬಾಗಿಲು ನೋಡುತ್ತಿದ್ದರು.

ಬಂದ. ತನ್ನ ತಾಟು ತೊಳೆದು ತಂದು ತಂಗಿಯ ಪಕ್ಕದಲ್ಲಿ ಕೂತ. ಎಣ್ಣೆಗಾಯಿಯ ಬೋಗುಣಿಯನ್ನು ನೋಡಿ ತಂದೆಗೆ ಹೇಳಿದ. "ನೀ ಮೊದ್ಲು ಹಾಕ್ಕೊ."

ಮಗ ಹಾಕಿಕೊಂಡು ತುತ್ತು ಬಾಯಿಗಿಟ್ಟು ಅಗಿದು ನುಂಗಿದ. ಅಷ್ಟು ಗಮನವಿಟ್ಟು ಅವನು ಯಾವತ್ತೂ ಉಂಡಿರಲಿಕ್ಕಿಲ್ಲ. ಆಮೇಲೆ ಹುಡುಗ ಅದೇ ಬೋಗುಣಿಯಿಂದ ತಾನೇ ಬಡಿಸಿಕೊಂಡ. ಹಿಂಡಿಯನ್ನು ಮುಟ್ಟಲಿಲ್ಲ. ತಂಗಿ ಹಿಂಡಿಯ ಬಟ್ಟಲನ್ನು ತನ್ನ ಕಡೆ ಎಳೆದುಕೊಂಡು, ಹಂಗಾದ್ರ ಇದೆಲ್ಲಾ ನಂದು ಎಂದಳು. ತಿನ್ನು, ದಪ್ಪ ಆಗು ಎಂದ ಅವನು.

ನಾನು ಬಡಿಸುತ್ತ ನಿಂತೇ ಇದ್ದೆ. ಸೊಸೆ ಕೈ ಹಿಡಿದು ಕೂರಿಸಿದಳು, ನನ್ನ ತಾಟಿಗೂ ಹಾಕಿದಳು. ಹುಡುಗನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದಾಗ ಅವನು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ. ಅವಳು ಕೈ ತಡೆದು ನಿಂತಳು. ಅವನು ರೊಟ್ಟಿ ಮುರಿದು ಎಣ್ಣೆಗಾಯಿಗೆ ಅದ್ದಿದ. ಸೊಸೆ ನನ್ನ ಪಕ್ಕದಲ್ಲಿ ಕೂತಳು. ಎಣ್ಣೆಗಾಯಿಗೆ ಉಪ್ಪು ಎರಡು ಸಲ ಬಿದ್ದಿತ್ತು. ಎಲ್ಲರೂ ಉಂಡೆವು.